ಸಕ್ಕರೆ ಕಾಯಿಲೆ ಒಬ್ಬರಿಗೆ, ಪಥ್ಯ ಮನೆಮಂದಿಗೆಲ್ಲ

ಕೊಳೆರೋಗ ಕಾಣಿಸಿಕೊಂಡ ಮೇಲೆ ಬೋರ್ಡೊ ದ್ರಾವಣ ಹುಡುಕುವ ಬೆಳೆಗಾರ ನಮ್ಮಲ್ಲಿ ಯಾರೂ ಇಲ್ಲ. ಮಳೆ ಹಿಡಿಯುವ ಮೊದಲೇ ಸಿಂಪಡಿಸಿ ಮುಗಿಸುತ್ತೇವೆ. ತೋಟದ ವಿಷಯದಲ್ಲಿ ಇಷ್ಟು ಮುಂಜಾಗ್ರತೆ ವಹಿಸುವ ನಾವು ಮನೆಯೊಳಗಿನ ಸಕ್ಕರೆ ಕಾಯಿಲೆಯನ್ನು ಮಾತ್ರ ಹಗುರವಾಗಿ ಕಾಣುತ್ತೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆಯಿದೆ. ಇದು ಪೇಟೆಯವರ ರೋಗವೆಂಬ ಮಾತು ಇನ್ನು ನಿಲ್ಲದು.

ಸದಸ್ಯರ ಮನೆಗಳಲ್ಲಿ ನಾವು ಕೇಳುವ ದೂರು ಒಂದೇ: "ಮಾತ್ರೆ ನುಂಗುತ್ತಾರೆ, ಬಾಯಿ ಮಾತ್ರ ಕಟ್ಟುವುದಿಲ್ಲ." ಗಂಡನ ಮೇಲೆ ಹೆಂಡತಿಯ ದೂರು ಇರಬಹುದು, ಹೆಂಡತಿಯ ಮೇಲೆ ಗಂಡನದೂ ಇರಬಹುದು. ಈ ಚಿಂತೆ ಅಕಾರಣವಲ್ಲ. ಹತೋಟಿಗೆ ಬಾರದ ಸಕ್ಕರೆ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಹೃದಯ, ನರಗಳನ್ನು ಕೆಡಿಸುತ್ತದೆ. ಆದರೆ ತಟ್ಟೆಯ ಮುಂದೆ ಗದರಿಸುವುದರಿಂದ ಫಲವಿಲ್ಲ. ಮನೆಯಲ್ಲಿ ತಡೆದ ಸಿಹಿಯನ್ನು ಸಂತೆಯ ದಿನ ಹೋಟೆಲಿನಲ್ಲಿ ತಿಂದುಬರುತ್ತಾರೆ. ಬದಲಾಗಬೇಕಾದದ್ದು ಮನೆಯ ಅಡುಗೆ ಮತ್ತು ವೇಳೆ.

ಮೊದಲು ಕಾಫಿಯ ಲೆಕ್ಕ ನೋಡೋಣ. ದಿನಕ್ಕೆ 6 ಲೋಟ, ಲೋಟಕ್ಕೆ 2 ಚಮಚ ಸಕ್ಕರೆಯೆಂದರೆ 12 ಚಮಚ, ಸುಮಾರು 50 ಗ್ರಾಂ. ತಿಂಗಳಿಗೆ ಒಂದೂವರೆ ಕಿಲೋ! ಬೆಲ್ಲವಾದರೆ ದೋಷವಿಲ್ಲ, ಜೇನು ಔಷಧಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಇವು ಸಕ್ಕರೆಯ ಅಣ್ಣತಮ್ಮಂದಿರೇ. ವಾರಕ್ಕಿಷ್ಟೆಂದು ಚಮಚ ತಗ್ಗಿಸುತ್ತ ಹೋದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಕಾಫಿ ಬೆಳೆಯುವ ನಾವು ಕಾಫಿಯ ನಿಜವಾದ ರುಚಿಯನ್ನು ಅರಿಯಲು ಇದೊಂದು ಅವಕಾಶವೂ ಹೌದು.

ಎರಡನೆಯದು ಅಕ್ಕಿ. ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ರಾಗಿಮುದ್ದೆಯಾದರೆ ಎಷ್ಟು ಬೇಕಾದರೂ ಉಣ್ಣಬಹುದೆಂಬುದೂ ತಪ್ಪು ತಿಳಿವಳಿಕೆ. ಅಲ್ಲಿಯೂ ಅಳತೆ ಬೇಕು. ತಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡು ಪಾಲು ತರಕಾರಿ, ಒಂದು ಪಾಲು ಬೇಳೆಕಾಳು, ಮೊಟ್ಟೆ ಅಥವಾ ಮೀನು, ಉಳಿದ ಒಂದು ಪಾಲು ಅನ್ನ ಇಟ್ಟುಕೊಳ್ಳುವುದು ಸುಲಭ ಮಾರ್ಗ. ಬಾಳೆದಿಂಡು, ಬಸಳೆ, ಸೌತೆ, ಹಾಗಲ ನಮ್ಮ ಹಿತ್ತಲಲ್ಲೇ ಇವೆ. ಎಲ್ಲರ ತಟ್ಟೆಯೂ ಹೀಗೆಯೇ ಇದ್ದರೆ ಒಬ್ಬರಿಗೆ ಮಾತ್ರ ಶಿಕ್ಷೆಯೆನಿಸದು, ಮಕ್ಕಳಿಗೂ ಒಳ್ಳೆಯದು.

ಮೂರನೆಯದು ವೇಳೆ. ಹಣ್ಣು ಕೊಯ್ಲಿನ ದಿನಗಳಲ್ಲಿ, ಅಡಿಕೆ ಸುಲಿತದ ಗಡಿಬಿಡಿಯಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಗೆ ಹೋಗುವುದುಂಟು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡವರು ಹೀಗೆ ಉಪವಾಸವಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ತಡವರಿಸುವ ಮಾತು ಇದರ ಲಕ್ಷಣಗಳು. ಆಗ ಸಕ್ಕರೆಯೇ ಮದ್ದು: 3-4 ಚಮಚ ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತೋಟಕ್ಕೆ ಒಂಟಿಯಾಗಿ ಹೋಗುವವರ ಜೇಬಿನಲ್ಲಿ ಸಕ್ಕರೆಯ ಪೊಟ್ಟಣವಿರಲಿ, ಈ ವಿಷಯ ತೋಟದ ಆಳುಗಳಿಗೂ ತಿಳಿದಿರಲಿ.

ಕೊನೆಯದಾಗಿ ಕಾಲು. ನರ ಜಡವಾದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಸಣ್ಣ ಗಾಯವೇ ಕೊಳೆತು ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುತ್ತದೆ. ಬರಿಗಾಲಲ್ಲಿ ತೋಟಕ್ಕಿಳಿಯುವುದನ್ನು ಬಿಡಬೇಕು. ಸಂಜೆ ಗಂಡ ಹೆಂಡತಿಯ ಪಾದವನ್ನು, ಹೆಂಡತಿ ಗಂಡನ ಪಾದವನ್ನು ದೀಪದ ಬೆಳಕಿನಲ್ಲಿ ನೋಡುವ ರೂಢಿ ಬರಲಿ. ನೂರು ಬೈಗುಳಕ್ಕಿಂತ ಇದು ಮೇಲು.

ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ಅವಧಿಗೆ ಮಾಡಿಸಬೇಕು; ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡಗಳ ತಪಾಸಣೆಯೂ ಆಗಬೇಕು. ವೈದ್ಯರಲ್ಲಿಗೆ ದಂಪತಿಗಳಿಬ್ಬರೂ ಕೂಡಿ ಹೋಗುವುದು ಒಳ್ಳೆಯದು. ಒಬ್ಬರು ಮರೆಮಾಚಿದ್ದನ್ನು ಇನ್ನೊಬ್ಬರು ಹೇಳಿಯಾರು! ಈ ಕೊಯ್ಲಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಕೆಲಸ ನಿಲ್ಲಿಸಿ ಊಟಕ್ಕೇಳುವ ಪದ್ಧತಿಯನ್ನು ಸದಸ್ಯ ಬಾಂಧವರು ತಮ್ಮ ತೋಟಗಳಲ್ಲಿ ಆರಂಭಿಸಬೇಕೆಂದು ಕೋರುತ್ತೇವೆ.