ಗಿಡದ ದೀಪವನ್ನು ಅಳೆಯುವುದು ಹೇಗೆ?

ಸಸ್ಯಕ್ಕೆ ಬೇಕಾದುದು ಬೆಳಕು. ಅದು ಸೂರ್ಯನಿಂದಲೇ ಬರಬೇಕೆಂದಿಲ್ಲ. ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ ಬಾಳೆಯ ಸಸಿಗಳು ಮೊದಲ ಹಲವು ವಾರಗಳನ್ನು ದೀಪದ ಕೆಳಗೇ ಕಳೆಯುತ್ತವೆ. ಈಗ ಅಧಿಕ ಸಾಮರ್ಥ್ಯದ ಎಲ್‌ಇಡಿ ದೀಪಗಳು 'ಗ್ರೋ ಲೈಟ್' ಎಂಬ ಹೆಸರಿನಲ್ಲಿ ಮನೆಗೂ ಶಾಲೆಗೂ ಬಂದಿವೆ. ಪೆಟ್ಟಿಗೆಯ ಮೇಲೆ '1000 ವ್ಯಾಟ್', 'ಪೂರ್ಣ ರೋಹಿತ' ಎಂದೆಲ್ಲ ಮುದ್ರಿಸಿರುತ್ತಾರೆ. ಇದರಲ್ಲಿ ಎಷ್ಟು ನಿಜ? ಶಾಲೆಯಲ್ಲಿ ಕಲಿತ ಭೌತವಿಜ್ಞಾನದ ನೆರವಿನಿಂದಲೇ ಇದನ್ನು ಪರೀಕ್ಷಿಸಬಹುದು.

ಕಣ್ಣಿನ ಲೆಕ್ಕ, ಎಲೆಯ ಲೆಕ್ಕ

ಮಾಮೂಲಿ ದೀಪಗಳನ್ನು ಲ್ಯೂಮೆನ್ ಮತ್ತು ಲಕ್ಸ್‌ಗಳಲ್ಲಿ ಅಳೆಯುತ್ತೇವೆ. ಈ ಮಾನಗಳು ಮನುಷ್ಯನ ಕಣ್ಣಿಗಾಗಿ ರಚಿತವಾದವು. ಹಗಲಿನ ಬೆಳಕಿನಲ್ಲಿ ನಮ್ಮ ಕಣ್ಣು 555 ನ್ಯಾನೊಮೀಟರ್ ತರಂಗದೂರದ ಹಸಿರಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. ಎಲೆಯ ಲೆಕ್ಕ ಬೇರೆ. ದ್ಯುತಿಸಂಶ್ಲೇಷಣೆಯಲ್ಲಿ ಮುಖ್ಯವಾದುದು 400ರಿಂದ 700 ನ್ಯಾನೊಮೀಟರ್ ವ್ಯಾಪ್ತಿಯ ಎಷ್ಟು ಫೋಟಾನ್‌ಗಳು ಎಲೆಗೆ ದೊರೆತವು ಎಂಬುದು. ಫೋಟಾನ್‌ಗಳ ಸಂಖ್ಯೆ ಅಗಾಧವಾದ್ದರಿಂದ ಅವನ್ನು ಮೋಲ್‌ಗಳಲ್ಲಿ ಎಣಿಸುತ್ತಾರೆ. ಒಂದು ಮೋಲ್ ಎಂದರೆ 6.022 × 10²³. ಅದರ ಹತ್ತು ಲಕ್ಷದ ಒಂದು ಭಾಗ ಮೈಕ್ರೋಮೋಲ್.

ಒಂದು ಚದರ ಮೀಟರಿಗೆ ಸೆಕೆಂಡಿಗೆ ಒಂದು ಮೈಕ್ರೋಮೋಲ್‌ನಂತೆ 555 ನ್ಯಾನೊಮೀಟರಿನ ಹಸಿರು ಫೋಟಾನ್‌ಗಳು ಬಿದ್ದರೆ ಲಕ್ಸ್ ಮಾಪಕ ಸುಮಾರು 147 ಲಕ್ಸ್ ತೋರಿಸುತ್ತದೆ. ಅಷ್ಟೇ ಸಂಖ್ಯೆಯ 660 ನ್ಯಾನೊಮೀಟರಿನ ಕೆಂಪು ಫೋಟಾನ್‌ಗಳು ಬಿದ್ದರೆ ತೋರಿಸುವುದು ಏಳೆಂಟು ಲಕ್ಸ್ ಮಾತ್ರ! ಕೆಂಪು ಬೆರೆತ ಗ್ರೋ ಲೈಟ್‌ಗಳನ್ನು ಲಕ್ಸ್‌ನಲ್ಲಿ ಹೋಲಿಸುವುದು ಏಕೆ ತಪ್ಪು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಬಿಸಿಲಿನಲ್ಲಿ ಸುಮಾರು 54 ಲಕ್ಸ್‌ಗೆ, ಬಿಳಿ ಎಲ್‌ಇಡಿಯಲ್ಲಿ ಸರಿಸುಮಾರು 70 ಲಕ್ಸ್‌ಗೆ ಒಂದು ಮೈಕ್ರೋಮೋಲ್ ಎಂದು ಅಂದಾಜಿಸಬಹುದು.

ನೇರಳೆ ದೀಪದ ಹಿನ್ನೆಲೆ

ಮೊದಮೊದಲ ಗ್ರೋ ಲೈಟ್‌ಗಳು ನೇರಳೆ ಬಣ್ಣದವು. ಪತ್ರಹರಿತನ್ನು ದ್ರಾವಕದಲ್ಲಿ ಕರಗಿಸಿ ಪರೀಕ್ಷಿಸಿದರೆ ಅದು ಕೆಂಪು ಮತ್ತು ನೀಲಿಯನ್ನು ಹೆಚ್ಚಾಗಿ ಹೀರುತ್ತದೆ. ಆದ್ದರಿಂದ ಈ ಎರಡು ಬಣ್ಣಗಳೇ ಸಾಕು, ಹಸಿರು ವ್ಯರ್ಥ ಎಂಬ ಭಾವನೆ ಬೆಳೆಯಿತು. ಆದರೆ ಎಲೆ ಎಂದರೆ ಪ್ರನಾಳದಲ್ಲಿನ ದ್ರಾವಣವಲ್ಲ. ಅದರೊಳಗೆ ಬೆಳಕು ಚದುರಿ, ಮತ್ತೆ ಮತ್ತೆ ಪತ್ರಹರಿತನ್ನು ಸಂಧಿಸುತ್ತದೆ. ಹೀಗಾಗಿ ಹಸಿರು ಬೆಳಕಿನ ಬಹುಪಾಲನ್ನೂ ಎಲೆ ಹೀರಿಕೊಳ್ಳುತ್ತದೆ. 1972ರಲ್ಲಿ ಮೆಕ್‌ಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳ ಮೇಲೆ ನಡೆಸಿದ ಅಳತೆಗಳು ಇದನ್ನು ತೋರಿಸಿದವು. ಕೆಂಪು ಫೋಟಾನ್ ಅತ್ಯಂತ ಫಲಕಾರಿ ನಿಜ, ಹಸಿರೂ ಗಣನೀಯ.

1991ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಕೆಂಪು ಎಲ್‌ಇಡಿಗಳ ಕೆಳಗೆ ಲೆಟ್ಯೂಸ್ ಬೆಳೆದಾಗ ನೀಲಿ ಬೆಳಕಿಗಾಗಿ ಪ್ರತಿದೀಪ್ತ ಕೊಳವೆಗಳನ್ನು ಬಳಸಬೇಕಾಯಿತು. ಪ್ರಖರವಾದ ನೀಲಿ ಎಲ್‌ಇಡಿ ಆಗಿನ್ನೂ ಇರಲಿಲ್ಲ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಕಾಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪುರಸ್ಕಾರ ಸಂದಿತು. ನೀಲಿ ಎಲ್‌ಇಡಿಗೆ ರಂಜಕ ಲೇಪಿಸಿದರೆ ಬಿಳಿ ಬೆಳಕು ಬರುತ್ತದೆ. ಇಂದಿನ ಬಹುತೇಕ ಒಳ್ಳೆಯ ಗ್ರೋ ಲೈಟ್‌ಗಳು ಬಿಳಿಯ ಜೊತೆಗೆ ಒಂದಿಷ್ಟು ಕೆಂಪು ಸೇರಿಸಿದಂಥವು. ಬಿಳಿ ಬೆಳಕಿನಲ್ಲಿ ಎಲೆಯ ರೋಗ, ಪೋಷಕಾಂಶಗಳ ಕೊರತೆ ಕಣ್ಣಿಗೆ ಕಾಣುತ್ತವೆ ಎಂಬುದೂ ಒಂದು ಅನುಕೂಲ.

ದಕ್ಷತೆ ಎಷ್ಟು?

ಒಂದು ಜೂಲ್ ವಿದ್ಯುತ್ತಿಗೆ ಎಷ್ಟು ಮೈಕ್ರೋಮೋಲ್ ಫೋಟಾನ್ ಎಂಬುದೇ ದೀಪದ ದಕ್ಷತೆ. 660 ನ್ಯಾನೊಮೀಟರಿನ ಕೆಂಪು ಬೆಳಕಿಗೆ ಇದರ ಸೈದ್ಧಾಂತಿಕ ಮಿತಿ 5.5, ನೀಲಿ ಫೋಟಾನಿನ ಶಕ್ತಿ ಹೆಚ್ಚಾದ್ದರಿಂದ 450 ನ್ಯಾನೊಮೀಟರಿಗೆ ಮಿತಿ 3.8 ಮಾತ್ರ. 2014ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಉತ್ತಮ ಸೋಡಿಯಂ ದೀಪಕ್ಕೂ ಉತ್ತಮ ಎಲ್‌ಇಡಿಗೂ ದಕ್ಷತೆ 1.7ರಷ್ಟೇ ಇತ್ತು. ಇಂದು 2.5 ಮೀರಿದ ಎಲ್‌ಇಡಿ ದೀಪಗಳು ದೊರೆಯುತ್ತವೆ.

ಈಗ ಲೆಕ್ಕ ಹಾಕೋಣ. 100 ವ್ಯಾಟ್ ಎಳೆಯುವ, 2.5 ದಕ್ಷತೆಯ ದೀಪ ಸೆಕೆಂಡಿಗೆ 250 ಮೈಕ್ರೋಮೋಲ್ ಕೊಡುತ್ತದೆ. ಐದನೇ ಒಂದು ಭಾಗ ಗೋಡೆಗೆ ಹೋಯಿತೆಂದುಕೊಂಡರೆ, ಒಂದು ಚದರ ಮೀಟರ್ ಮಡಿಗೆ ಸೆಕೆಂಡಿಗೆ 200 ಉಳಿಯಿತು. ದಿನಕ್ಕೆ 16 ಗಂಟೆ ಉರಿಸಿದರೆ ಒಟ್ಟು 11.5 ಮೋಲ್. ಲೆಟ್ಯೂಸ್‌ನಂಥ ಸೊಪ್ಪಿಗೆ ದಿನಕ್ಕೆ 12ರಿಂದ 17 ಮೋಲ್ ಬೇಕು. ಎಂದರೆ ಹೇಗೋ ಸಾಕಾಗುತ್ತದೆ. ಟೊಮೆಟೊಗೆ 20ಕ್ಕೂ ಹೆಚ್ಚು ಬೇಕಾದ್ದರಿಂದ ಗಿಡ ಬೆಳೆದರೂ ಒಳ್ಳೆಯ ಫಸಲು ಬಾರದು.

ನಿರಭ್ರ ದಿನದಲ್ಲಿ ಬಯಲಿನ ಗಿಡಕ್ಕೆ 40 ಮೋಲ್‌ನಷ್ಟು ಬೆಳಕು ಪುಕ್ಕಟೆಯಾಗಿ ದೊರೆಯುತ್ತದೆ. ಅಷ್ಟನ್ನು ಇದೇ ದೀಪದಿಂದ ಪಡೆಯಲು ಚದರ ಮೀಟರಿಗೆ ದಿನಕ್ಕೆ ಸುಮಾರು ಐದೂವರೆ ಯೂನಿಟ್, ಎಕರೆಗೆ 22 ಸಾವಿರ ಯೂನಿಟ್ ವಿದ್ಯುತ್ ಬೇಕು! ದೀಪದ ಬೇಸಾಯ ಸಸಿ, ಸೊಪ್ಪು, ಅಂಗಾಂಶ ಕೃಷಿಗಳಿಗೆ ಒಪ್ಪುತ್ತದೆಯೇ ಹೊರತು ಭತ್ತ, ರಾಗಿಗಳಿಗೆ ಅಲ್ಲ.

ಶಾಖ

ಎಲ್‌ಇಡಿ ತಂಪು ದೀಪವೆಂಬ ಮಾತು ಅರ್ಧ ಸತ್ಯ. ವಿದ್ಯುತ್ತಿನ ದೊಡ್ಡ ಪಾಲು ಅದರ ಚಿಕ್ಕ ಹರಳಿನಲ್ಲೇ ಶಾಖವಾಗುತ್ತದೆ. ಅಲ್ಯೂಮಿನಿಯಂ ರೆಕ್ಕೆಗಳ ಮೂಲಕ ಅದು ಹೊರಹೋಗದಿದ್ದರೆ ಬೆಳಕೂ ಆಯಸ್ಸೂ ಕುಂದುತ್ತವೆ. ತೆಳು ತಗಡಿನ ಹಗುರ ದೀಪವೊಂದು ನೂರಾರು ವ್ಯಾಟ್ ಎಂದು ಹೇಳಿಕೊಂಡರೆ ಅನುಮಾನಿಸುವುದು ಒಳ್ಳೆಯದು.

ನೀವೇ ಪರೀಕ್ಷಿಸಿ

1. ನಿಜವಾದ ವ್ಯಾಟ್: ಮನೆಯ ಉಳಿದೆಲ್ಲ ಉಪಕರಣಗಳನ್ನು ಆರಿಸಿ, ದೀಪವನ್ನು ಮಾತ್ರ ಉರಿಸಿ. ವಿದ್ಯುತ್ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ಅದು 3200 ಆಗಿದ್ದು, 10 ಮಿನುಗಿಗೆ ಸುಮಾರು 112 ಸೆಕೆಂಡು ಹಿಡಿದರೆ ದೀಪ ಎಳೆಯುತ್ತಿರುವುದು 100 ವ್ಯಾಟ್. ನಿಜವಾದ 1000 ವ್ಯಾಟ್ ದೀಪಕ್ಕೆ 11 ಸೆಕೆಂಡು ಸಾಕು. ಎಷ್ಟೋ ಪೆಟ್ಟಿಗೆಗಳ ಮೇಲಿನ ಸಂಖ್ಯೆ 'ಸಮಾನ ವ್ಯಾಟ್' ಮಾತ್ರ ಎಂಬುದು ಇಲ್ಲಿ ಬಯಲಾಗುತ್ತದೆ.

2. ಬೆಳಕಿನ ಹರಹು: ದೀಪದ ಕೆಳಗಿನ ಜಾಗವನ್ನು ಒಂಬತ್ತು ಸಮಚೌಕಗಳಾಗಿ ಗುರುತಿಸಿ, ಪ್ರತಿಯೊಂದರ ನಡುವೆ ಅಳೆಯಿರಿ. ನಡುವಿನ ಒಂದೇ ಅಳತೆಯನ್ನು ನಂಬಬೇಡಿ, ಸರಾಸರಿಯೇ ಮುಖ್ಯ. ದೀಪ ಬಿಳಿಯದಾಗಿದ್ದರೆ ಲಕ್ಸ್ ಮಾಪಕ ಸಾಕು. ಉರಿಯುವ ದೀಪವನ್ನು ನೇರವಾಗಿ ದಿಟ್ಟಿಸಬಾರದು.

3. ಗಿಡದ ತೀರ್ಪು: ಒಂದೇ ಮಣ್ಣು, ನೀರು, ಕುಂಡಗಳಲ್ಲಿ ಮೆಂತ್ಯ ಬಿತ್ತಿ. ಒಂದು ಸಾಲು ದೀಪದಡಿ, ಇನ್ನೊಂದು ಕಿಟಕಿಯ ಬಳಿ ಇರಲಿ. ಮೂರು ವಾರಗಳ ನಂತರ ಕಿತ್ತು, ಒಣಗಿಸಿ ತೂಗಿ. ಎತ್ತರವನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ಬೆಳಕು ಸಾಲದ ಗಿಡವೇ ಉದ್ದಕ್ಕೆ ಬಡಕಲಾಗಿ ಬೆಳೆಯುತ್ತದೆ.

ಕೊನೆಗೆ ಒಣತೂಕವನ್ನು ಖರ್ಚಾದ ಯೂನಿಟ್‌ಗಳಿಂದ ಭಾಗಿಸಿ. ಒಂದು ಯೂನಿಟ್ಟಿಗೆ ಎಷ್ಟು ಗ್ರಾಂ ಸೊಪ್ಪು ಎಂಬ ಈ ಸಂಖ್ಯೆ ಯಾವ ಪೆಟ್ಟಿಗೆಯ ಮೇಲೂ ಇರುವುದಿಲ್ಲ. ದೀಪ ಕೊಳ್ಳುವ ಮುನ್ನ ತಿಳಿಯಬೇಕಾದುದು ಮಾತ್ರ ಅದೇ.