ಹಾರಾಟದ ಆಟ: ಇಲ್ಲಿ ನೆಲವೇ ಡೊಂಕು

2016ರ ಜೂನ್ 18ರಂದು ಹೈದರಾಬಾದ್ ಸಮೀಪದ ದುಂಡಿಗಲ್ ವಾಯುಪಡೆ ಅಕಾಡೆಮಿಯಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ದೇಶದ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್‌ಗಳಾಗಿ ಹೊರಬಂದರು. ಮುಂದಿನ ಹಂತದ ತರಬೇತಿಗೆ ಅವರು ಹೋದದ್ದು ನಮ್ಮ ಬೀದರ್‌ಗೆ, ಹಾಕ್ ವಿಮಾನಗಳ ನೆಲೆಗೆ. ಎರಡು ವರ್ಷಗಳ ನಂತರ ಚಿಕ್ಕಮಗಳೂರಿನ ಮೇಘನಾ ಶಾನಭಾಗ್ ಅದೇ ದುಂಡಿಗಲ್‌ನಿಂದ ಅದೇ ಸಾಲಿಗೆ ಸೇರಿದರು. ಮಹಬೂಬ್‌ನಗರದಿಂದ ರಾಯಚೂರಿಗೆ ಹೋಗುವ ಹೆದ್ದಾರಿಯ ಮೇಲಿನ, ತೆಲಂಗಾಣದ ಗಡಿಭಾಗದ ಮರಿಕಲ್‌ಗೆ ಈ ತರಬೇತಿಯ ಊರುಗಳು ದೂರದವಲ್ಲ. ಒಂದು ಕಡೆ ದುಂಡಿಗಲ್, ಇನ್ನೊಂದು ಕಡೆ ಬೀದರ್, ಯಾದಗಿರಿ ದಾಟಿದರೆ 2019ರ ನವೆಂಬರ್‌ನಲ್ಲಿ ತೆರೆದ ಕಲಬುರಗಿ ವಿಮಾನ ನಿಲ್ದಾಣ, ಅಲ್ಲಿಯೇ ವಿಮಾನ ಹಾರಾಟ ಕಲಿಸುವ ಸಂಸ್ಥೆಗಳು. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಹುಡುಗಿಯರ ತಲೆಯ ಮೇಲಿನ ಆಕಾಶದಲ್ಲಿ ಹೆಣ್ಣುಮಕ್ಕಳು ಈಗಾಗಲೇ ಹಾರುತ್ತಿದ್ದಾರೆ. ಆದರೆ ಅದೇ ಹಾರಾಟವನ್ನು ಮನೆಯ ಕಂಪ್ಯೂಟರಿನ ಪರದೆಯ ಮೇಲೆ ತರುವ ಫ್ಲೈಟ್ ಸಿಮ್ಯುಲೇಟರ್ ಆಟಗಳ ಮುಂದೆ ಕೂತವರನ್ನು ನೋಡಿದರೆ, ಜಗತ್ತಿನ ಯಾವ ಮೂಲೆಯಲ್ಲೂ ಬಹುಪಾಲು ಗಂಡಸರೇ. ನಿಜವಾದ ವಿಮಾನ ಹೆಣ್ಣನ್ನು ಒಳಗೆ ಬಿಟ್ಟುಕೊಂಡಿತು, ಆಟದ ವಿಮಾನ ಬಿಟ್ಟುಕೊಳ್ಳಲಿಲ್ಲ. ಈ ವೈಚಿತ್ರ್ಯಕ್ಕೆ ಕಾರಣ ಹುಡುಗಿಯರಲ್ಲಿಲ್ಲ, ಆಟ ಕಟ್ಟಿದ ರೀತಿಯಲ್ಲಿದೆ ಎಂಬುದು ಈ ಲೇಖನದ ವಾದ.

ಮೊದಲು ಕೇಳಿಬರುವ ಮಾತು, ‘ಅವರಿಗೆ ಆಸಕ್ತಿ ಇಲ್ಲ’ ಎಂಬುದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾವು ಇಂಥ ಕಡೆಯಲ್ಲೆಲ್ಲ ಬಳಸುತ್ತೇವೆ. ಆದರೆ ನೆಲ ನಿಜಕ್ಕೂ ಡೊಂಕಾಗಿದೆಯೇ ಎಂದು ಬಗ್ಗಿ ನೋಡುವವರು ಕಡಿಮೆ. ಸಂಶೋಧಕ ನಿಕ್ ಯೀ ಅವರ ಕ್ವಾಂಟಿಕ್ ಫೌಂಡ್ರಿ ಸಂಸ್ಥೆ 2017ರಲ್ಲಿ 2 ಲಕ್ಷ 70 ಸಾವಿರ ಆಟಗಾರರ ಉತ್ತರಗಳನ್ನು ಲೆಕ್ಕಹಾಕಿ ಯಾವ ಬಗೆಯ ಆಟದಲ್ಲಿ ಎಷ್ಟು ಮಹಿಳೆಯರಿದ್ದಾರೆ ಎಂದು ತೋರಿಸಿತು. ಬೇಸಾಯ, ಕುಟುಂಬ ನಡೆಸುವ ಆಟಗಳಲ್ಲಿ ಶೇ 69 ಮಂದಿ ಮಹಿಳೆಯರು. ಕಾರು ಓಟದ ಆಟಗಳಲ್ಲಿ ಶೇ 6 ಮಾತ್ರ. ಇಷ್ಟಕ್ಕೇ ನಿಲ್ಲಿಸಿದರೆ ಆಸಕ್ತಿಯ ವಾದ ಗೆದ್ದಂತೆ ಕಾಣುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಇದೆ. ಪಾಶ್ಚಾತ್ಯ ಶೈಲಿಯ ಸಾಹಸ ಕಥೆಯ ಆಟಗಳಲ್ಲಿ ಮಹಿಳೆಯರ ಸರಾಸರಿ ಶೇ 26 ಇದ್ದರೆ, ಅದೇ ಗುಂಪಿಗೆ ಸೇರಿದ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಆಟದಲ್ಲಿ ಅದು ಶೇ 48. ಕತ್ತಿ ಅದೇ, ಯುದ್ಧವೂ ಅದೇ. ಆದರೆ ಹೆಣ್ಣು ಪಾತ್ರವಾಗಿ ಆಡುವ ಅವಕಾಶ, ಜೊತೆಗಾರರೊಂದಿಗಿನ ನಂಟು, ತೀರ್ಮಾನಕ್ಕೆ ಬೆಲೆ ಇರುವ ಕಥೆ ಆ ಆಟದಲ್ಲಿದ್ದವು. ವಿಷಯ ಬದಲಾಗದೆ ಕಟ್ಟಿದ ರೀತಿ ಬದಲಾದಾಗ ಬರುವವರ ಸಂಖ್ಯೆ ಇಮ್ಮಡಿಗೆ ಹತ್ತಿರವಾಗುತ್ತದೆ ಎಂದರೆ, ಹುಟ್ಟುಗುಣದ ಮೇಲೆ ಹೊರೆ ಹಾಕುವುದು ಸರಿಯಲ್ಲ.

ಚರಿತ್ರೆಯೂ ಇದೇ ಕಡೆ ಸಾಕ್ಷಿ ಹೇಳುತ್ತದೆ. ಫ್ಲೈಟ್ ಸಿಮ್ಯುಲೇಟರಿನ ಮೂಲರೂಪ ಎನ್ನಬಹುದಾದ ಯಂತ್ರವನ್ನು 1929ರಲ್ಲಿ ಮಾಡಿದವರು ಅಮೆರಿಕದ ಎಡ್ವಿನ್ ಲಿಂಕ್. ಅವರ ಮನೆತನದ್ದು ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ವಾದ್ಯಕ್ಕೆ ಗಾಳಿ ತುಂಬುವ ತಿದಿಗಳನ್ನೇ ಬಳಸಿ, ನೆಲದ ಮೇಲೇ ವಾಲುತ್ತ ಏಳುತ್ತ ಇಳಿಯುವ ಪುಟ್ಟ ವಿಮಾನವೊಂದನ್ನು ಅವರು ಕಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಮೋಡದೊಳಗೆ ಕೇವಲ ಉಪಕರಣ ನೋಡಿ ಹಾರುವುದನ್ನು ಅದರಲ್ಲಿ ಕಲಿತರು. ಆಗ ಪಕ್ಕದ ಮೇಜಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅವರಿಗೆ ಪಾಠ ಹೇಳಿದವರಲ್ಲಿ ಅಮೆರಿಕದ ನೌಕಾಪಡೆಯ ‘ವೇವ್ಸ್’ ಮಹಿಳಾ ಪಡೆಯ ಯುವತಿಯರೂ ಇದ್ದರು. ಸಿಮ್ಯುಲೇಟರ್ ಹೆಣ್ಣಿಗೆ ಹೊಸದಲ್ಲ, ಒಂದು ಕಾಲಕ್ಕೆ ಅದರ ಮೇಷ್ಟ್ರೇ ಆಗಿದ್ದವಳು ಆಕೆ. ನಮ್ಮಲ್ಲೂ 1936ರಲ್ಲಿ ಸರಳಾ ಠಕ್ರಾಲ್ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನ ಹಾರಿಸಿ ಪರವಾನಗಿ ಪಡೆದಿದ್ದರು. ಬೆಂಗಳೂರಿನ ಜಕ್ಕೂರು ವೈಮಾನಿಕ ಶಾಲೆಯ ಮೊದಮೊದಲ ವಿದ್ಯಾರ್ಥಿಗಳಲ್ಲಿ ಉಷಾ ಸುಂದರಂ ಒಬ್ಬರು. 1982ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಫ್ಲೈಟ್ ಸಿಮ್ಯುಲೇಟರನ್ನು ಮನೆಯ ಕಂಪ್ಯೂಟರಿಗೆ ತಂದಾಗ, ಆ ಕಂಪ್ಯೂಟರು ಮನೆಯೊಳಗೆ ಯಾರ ಕೋಣೆಗೆ ಹೋಯಿತು ಎಂಬುದರ ಮೇಲೆ ಮುಂದಿನ ಕಥೆ ನಿಂತಿತು. ಅಪ್ಪ ಮತ್ತು ಮಗನ ಕೋಣೆ ಸೇರಿದ ಆಟ ಅವರ ಅಭಿರುಚಿಗೆ ತಕ್ಕಂತೆ ಬೆಳೆಯಿತು.

ಈಗ ಭಾರತದ ಲೆಕ್ಕ ನೋಡೋಣ. ಮಹಿಳಾ ಪೈಲಟ್‌ಗಳ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ ನಮ್ಮ ಪೈಲಟ್‌ಗಳಲ್ಲಿ ಶೇ 12.4 ಮಹಿಳೆಯರು, ಅಮೆರಿಕದಲ್ಲಿ ಇದು ಶೇ 5.5. ಅದೇ ವರ್ಷದ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿಯಲ್ಲಿ ಬಂದ ಏರ್ ಇಂಡಿಯಾ ವಿಮಾನವನ್ನು ಬೆಂಗಳೂರಿನಲ್ಲಿ ಇಳಿಸಿದವರು ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ. ಆಟಕ್ಕೆ ಬಾರದ ಹೆಣ್ಣು ಕೆಲಸಕ್ಕೆ ಬರುತ್ತಾಳೆ ಏಕೆ? ಕೆಲಸದಲ್ಲಿ ಗುರಿ ಇದೆ, ಕಲಿಸುವ ಗುರು ಇದ್ದಾರೆ, ಜೊತೆಗಾರರಿದ್ದಾರೆ, ಮನೆಯವರು ಒಪ್ಪುವ ಒಂದು ಫಲ ಇದೆ. ಆಟವಾದರೋ ಖಾಲಿ ರನ್‌ವೇ ಮೇಲೆ, ನೂರು ಗುಂಡಿಗಳ ಮುಂದೆ ತಂದು ಕೂರಿಸಿ ‘ಹಾರು’ ಅನ್ನುತ್ತದೆ. ಎಲ್ಲಿಗೆ, ಯಾರಿಗಾಗಿ ಎಂದು ಹೇಳುವುದಿಲ್ಲ. ಯಂತ್ರವೇ ಗುರಿ ಎಂದುಕೊಂಡು ಬೆಳೆದವರಿಗೆ ಅಷ್ಟು ಸಾಕು. ಬಾಲ್ಯದಲ್ಲಿ ಆಟದ ಕಾರನ್ನೂ ಬಿಚ್ಚಲು ಬಿಡದ ಮನೆಯಲ್ಲಿ ಬೆಳೆದವರಿಗೆ ಅದು ಸಾಲದು.

ಗುರಿ, ಜೊತೆ, ಫಲ ಇದ್ದರೆ ಹೆಣ್ಣು ಬರುತ್ತಾಳೆ ಎಂಬುದಕ್ಕೆ ನಮ್ಮ ಹೊಲದ ಬದುವಿನಲ್ಲೇ ಉದಾಹರಣೆ ಸಿಗುತ್ತದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧಿ, ಗೊಬ್ಬರ ಸಿಂಪಡಿಸುವ ಡ್ರೋನ್ ಕೊಡುವ ಗುರಿ ಇಟ್ಟುಕೊಂಡದ್ದು. ಅದರಲ್ಲಿ ಆಯ್ಕೆಯಾದ ಮಹಿಳೆಗೆ 15 ದಿನಗಳ ತರಬೇತಿ. ಡ್ರೋನ್ ಪೈಲಟ್ ಆಗಬೇಕಾದರೆ ಬಯಲಿಗೆ ಹೋಗುವ ಮೊದಲು ಸಿಮ್ಯುಲೇಟರಿನಲ್ಲಿ ಕೈ ಪಳಗಿಸಬೇಕು. ಅಂದರೆ ಸೀರೆಯ ಸೆರಗು ಸಿಕ್ಕಿಸಿಕೊಂಡು, ರಿಮೋಟಿನ ಎರಡು ಕಡ್ಡಿ ಹಿಡಿದು, ಪರದೆಯ ಮೇಲೆ ಗಾಳಿಗೆ ಎದುರಾಗಿ ಹಾರಿಸುವುದನ್ನು ಕಲಿತ ಹಳ್ಳಿಯ ಹೆಂಗಸರು ದೇಶದ ತುಂಬ ಇದ್ದಾರೆ. ಅವರಿಗೆ ಯಾರೂ ಮೊದಲು ‘ನಿಮಗೆ ವಿಮಾನದ ಆಟ ಇಷ್ಟವೇ?’ ಎಂದು ಕೇಳಲಿಲ್ಲ. ಮುಂದೆ ಹೊಲ ಇತ್ತು, ಪಕ್ಕದಲ್ಲಿ ಸಂಘದವರಿದ್ದರು, ಕೊನೆಗೆ ಕೂಲಿ ಇತ್ತು. ಆಸಕ್ತಿ ತಾನಾಗಿ ಹುಟ್ಟಿತು.

ಹಾಗಾದರೆ ಬಾಗಿಲು ಮುಚ್ಚಿರುವುದು ಎಲ್ಲಿ? ಒಂದು, ಕೋಣೆಯ ವಾತಾವರಣ. ಅಮೆರಿಕದ ಮನೋವಿಜ್ಞಾನಿ ಸಪ್ನಾ ಚೆರಿಯನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರ್ ವಿಜ್ಞಾನದ ಕೋಣೆಯಲ್ಲಿ ಸ್ಟಾರ್ ಟ್ರೆಕ್ ಪೋಸ್ಟರು, ವಿಡಿಯೊ ಗೇಮ್‌ ಸಾಮಾನುಗಳಿದ್ದಾಗ ವಿದ್ಯಾರ್ಥಿನಿಯರು ಆ ವಿಷಯದಿಂದ ದೂರ ಸರಿದರು. ಅವನ್ನು ತೆಗೆದು ನಿಸರ್ಗದ ಚಿತ್ರ, ಗಿಡ, ಸಾಮಾನ್ಯ ಪುಸ್ತಕ ಇಟ್ಟಾಗ ಅವರ ಆಸಕ್ತಿ ಏರಿತು. ಪಾಠ ಬದಲಾಗಿರಲಿಲ್ಲ, ಗೋಡೆ ಬದಲಾಗಿತ್ತು. ಎರಡು, ಸಮಯ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಎರಡು ತಾಸು ಎದ್ದೇಳದೆ ಕೂತು ಒಂದು ಊರಿಂದ ಇನ್ನೊಂದು ಊರಿಗೆ ಹಾರಬೇಕೆನ್ನುವ ಆಟ ಯಾರ ದಿನಚರಿಯನ್ನು ನೋಡಿ ಕಟ್ಟಿದ್ದು ಎಂದು ಬೇರೆ ಹೇಳಬೇಕಿಲ್ಲ. ಮೂರು, ಸಾಧನ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ಶೇ 57.1, ಹೆಂಗಸರು ಶೇ 33.3. ಅಣ್ಣನ ಫೋನು ಅರ್ಧ ತಾಸಿಗೆ ಸಿಕ್ಕರೆ ಅದರಲ್ಲಿ ಶಾಲೆಯ ಪಾಠ ನೋಡುವುದೋ, ವಿಮಾನ ಹಾರಿಸುವುದೋ?

ಪರಿಹಾರ ಎಂದ ಕೂಡಲೇ ಬಣ್ಣ ಬಳಿಯಲು ಹೊರಡುವವರಿದ್ದಾರೆ. ಗುಲಾಬಿ ವಿಮಾನ, ಹೂವಿನ ಕಾಕ್‌ಪಿಟ್, ಸುಲಭದ ಲ್ಯಾಂಡಿಂಗ್. 1990ರ ದಶಕದಲ್ಲಿ ಅಮೆರಿಕ ಈ ದಾರಿಯಲ್ಲಿ ನಡೆದು ನೋಡಿದೆ. 1996ರ ‘ಬಾರ್ಬಿ ಫ್ಯಾಷನ್ ಡಿಸೈನರ್’ ಲಕ್ಷಗಟ್ಟಲೆ ಮಾರಾಟವಾಯಿತು. ಹುಡುಗಿಯರು ಕಂಪ್ಯೂಟರ್ ಆಟ ಕೊಳ್ಳುವುದಿಲ್ಲ ಎಂಬ ಮಾತನ್ನು ಅದು ಸುಳ್ಳು ಮಾಡಿತು, ಅಷ್ಟು ಮಟ್ಟಿಗೆ ಒಳ್ಳೆಯದೇ. ಆದರೆ ಅದರ ಹಿಂದೆ ಬಂದ ಗುಲಾಬಿ ಆಟಗಳು ಹುಡುಗಿಯರಿಗೆ ಬೇರೊಂದು ಓಣಿ ಕಟ್ಟಿಕೊಟ್ಟವೇ ಹೊರತು ಊರ ನಡುವಿನ ಚಾವಡಿಯಲ್ಲಿ ಜಾಗ ಕೊಡಲಿಲ್ಲ. ನಾರಾಯಣಪೇಟೆಯ ಮಗ್ಗದ ಮನೆಯಲ್ಲಿ ಬೆಳೆದ ಹುಡುಗಿ ಕಾಲಲ್ಲಿ ತುಳಿಯುತ್ತ, ಕೈಯಲ್ಲಿ ಲಾಳಿ ನಡೆಸುತ್ತ, ಕಣ್ಣಲ್ಲಿ ಎಳೆ ಎಣಿಸುವುದನ್ನು ದಿನವೂ ನೋಡಿರುತ್ತಾಳೆ. ಪೈಲಟ್ ಮಾಡುವುದೂ ಇದೇ: ಕಾಲಲ್ಲಿ ರಡ್ಡರ್, ಕೈಯಲ್ಲಿ ಕಂಟ್ರೋಲ್, ಕಣ್ಣಲ್ಲಿ ಮೀಟರುಗಳು. ಆಕೆಗೆ ಸುಲಭ ಮಾಡಿ ಕೊಡುವ ಅಗತ್ಯವಿಲ್ಲ. ಕಷ್ಟಪಡುವುದಕ್ಕೆ ಒಂದು ಕಾರಣ ಕೊಡಬೇಕು.

ಕಾರಣ ಕೊಡುವುದು ಹೇಗೆ ಎಂಬುದಕ್ಕೆ ಆಟಗಳೇ ದಾರಿ ತೋರಿಸತೊಡಗಿವೆ. 2024ರ ನವೆಂಬರ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ ಹೊಸ ಆವೃತ್ತಿಯಲ್ಲಿ ವೃತ್ತಿಜೀವನದ ಭಾಗವಿದೆ. ಕಾಡ್ಗಿಚ್ಚು ಆರಿಸುವುದು, ಅಪಾಯದಲ್ಲಿದ್ದವರನ್ನು ಹುಡುಕಿ ಎತ್ತುವುದು, ಹೊಲಕ್ಕೆ ಔಷಧಿ ಹೊಡೆಯುವುದು ಅದರಲ್ಲಿ ಸೇರಿವೆ. ಇಡೀ ಭೂಮಿಯ ಉಪಗ್ರಹ ಚಿತ್ರ ಅದರೊಳಗಿದೆ, ಹಾಗಾಗಿ ಕೃಷ್ಣೆಯೂ ಜುರಾಲಾ ಅಣೆಕಟ್ಟೂ ಇವೆ. ಈ ಸಾಮಗ್ರಿಗೆ ನಮ್ಮ ನೆನಪನ್ನು ಜೋಡಿಸಬಹುದು. 2009ರ ಅಕ್ಟೋಬರ್ ಪ್ರವಾಹದಲ್ಲಿ ರಾಯಚೂರು, ಗದ್ವಾಲ್ ಕಡೆಯ ಊರುಗಳೂ ಕರ್ನೂಲೂ ನೀರಿನಲ್ಲಿ ಮುಳುಗಿದ್ದವು. ನಡುಗಡ್ಡೆಯಲ್ಲಿ ಸಿಕ್ಕಿಕೊಂಡವರಿಗೆ ಹೆಲಿಕಾಪ್ಟರಿನಲ್ಲಿ ಅನ್ನದ ಪೊಟ್ಟಣ ಮುಟ್ಟಿಸುವ, ಬಾಣಂತಿಯನ್ನು ಎತ್ತಿ ರಾಯಚೂರಿನ ಆಸ್ಪತ್ರೆಗೆ ತರುವ 20 ನಿಮಿಷದ ಪಾಠವೊಂದನ್ನು ಕಟ್ಟಿದರೆ, ಗಾಳಿ, ಭಾರ, ಇಂಧನದ ಲೆಕ್ಕವೆಲ್ಲ ಅದರೊಳಗೇ ಬರುತ್ತದೆ. ನಡುವೆ ಅಮ್ಮ ಕರೆದರೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಮುಂದುವರಿಸುವಂತಿರಲಿ. ಇಬ್ಬರು ಗೆಳತಿಯರು ಪೈಲಟ್ ಮತ್ತು ಸಹಪೈಲಟ್ ಆಗಿ ಕೂರುವಂತಿರಲಿ. ರೇಡಿಯೊದ ಮಾತು ಜಗತ್ತಿನ ಪೈಲಟ್‌ಗಳ ಇಂಗ್ಲಿಷಿನಲ್ಲೇ ಉಳಿಯಲಿ, ಅದು ಹಾರಾಟದ ಶಿಸ್ತು. ಆದರೆ ರೆಕ್ಕೆ ಏಕೆ ಮೇಲೇಳುತ್ತದೆ, ವೇಗ ತಗ್ಗಿದರೆ ಏಕೆ ಕುಸಿಯುತ್ತದೆ ಎಂಬ ವಿವರಣೆ ಕನ್ನಡದಲ್ಲಿ, ತೆಲುಗಿನಲ್ಲಿ ಇರಲಿ. ಇನ್ನು ಆನ್‌ಲೈನಿನಲ್ಲಿ ಧ್ವನಿಯಲ್ಲೇ ಮಾತಾಡಿ ಆಡುವ ಕಡೆ, ಹೆಣ್ಣಿನ ದನಿ ಕೇಳಿದ ಕೂಡಲೇ ಕೀಟಲೆಗೆ ಇಳಿಯುವವರನ್ನು ಹೊರಹಾಕುವ ನಿಯಮ ಬಿಗಿಯಾಗಿರಬೇಕು. ಗುರುತು ಮುಚ್ಚಿಕೊಳ್ಳುವ ಹೊಣೆಯನ್ನು ಹುಡುಗಿಯ ಮೇಲೆ ಹಾಕುವುದು ನ್ಯಾಯವಲ್ಲ.

ಇದರಿಂದ ಸಿಮ್ಯುಲೇಟರಿನ ಖಚಿತತೆ ಕೆಡುತ್ತದೆ ಎಂಬ ಆತಂಕ ಹಳೆಯ ಆಟಗಾರರಿಗೆ ಇರಬಹುದು. ಅವರ ನಿಷ್ಠೆ ಗೌರವಿಸಬೇಕಾದದ್ದು. ಆದರೆ ಪ್ರವಾಹದ ಮೇಲೆ ಹಾರುವ ಹೆಲಿಕಾಪ್ಟರಿಗೂ ಭೌತಶಾಸ್ತ್ರದ ನಿಯಮ ಅವೇ. ಬಾಗಿಲು ಅಗಲ ಮಾಡಿದರೆ ಗರ್ಭಗುಡಿ ಕಿರಿದಾಗುವುದಿಲ್ಲ. ಕಲಿಕೆಯ ದೃಷ್ಟಿಯಿಂದಲೂ ಲಾಭವಿದೆ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೇವಲ 10 ಗಂಟೆ ಆ್ಯಕ್ಷನ್ ಆಟ ಆಡಿದ ಮೇಲೆ ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿಯಲ್ಲಿ ಗಂಡು ಹೆಣ್ಣಿನ ನಡುವೆ ಇದ್ದ ಅಂತರ ಬಹಳ ತಗ್ಗಿತು, ಮಹಿಳೆಯರೇ ಹೆಚ್ಚು ಮುನ್ನಡೆದರು. ಅದು ವಿಮಾನದ ಆಟವಾಗಿರಲಿಲ್ಲ, ನಿಜ. ಆದರೆ ಹುಟ್ಟಿನಿಂದ ಬಂದದ್ದು ಎಂದುಕೊಂಡ ಅಂತರ 10 ಗಂಟೆಯಲ್ಲಿ ಕರಗುವುದಾದರೆ, ಅದು ಅಭ್ಯಾಸದ ಅಂತರ ಎಂದು ಒಪ್ಪಿಕೊಳ್ಳುವುದೇ ವಿವೇಕ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಗಡಿಯ ಕನ್ನಡ ಶಾಲೆಗಳಿಗೆ ಮೇಷ್ಟ್ರು ಬೇಕು, ಪಠ್ಯಪುಸ್ತಕ ವೇಳೆಗೆ ಸರಿಯಾಗಿ ಬರಬೇಕು, ಹುಡುಗಿಯರಿಗೆ ಹೈಸ್ಕೂಲಿಗೆ ಹೋಗಲು ಬಸ್ಸು ಬೇಕು. ಇದರ ನಡುವೆ ವಿಮಾನದ ಆಟವೇ? ಈ ಪ್ರಶ್ನೆಗೆ ತಲೆಬಾಗಲೇಬೇಕು, ಅವು ಮೊದಲು ಆಗಬೇಕಾದ ಕೆಲಸಗಳು. ಆದರೆ ಒಂದು ಆಗುವ ತನಕ ಇನ್ನೊಂದು ಕಾಯಬೇಕೆಂದರೆ ಬಡವರ ಮಕ್ಕಳ ಪಾಲಿಗೆ ಆಕಾಶ ಎಂದೂ ಬರುವುದಿಲ್ಲ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಾಟ ಬೇಕು, ಖರ್ಚು ಹತ್ತಾರು ಲಕ್ಷ. ಹೈದರಾಬಾದಿನ ಹಳೆನಗರದ ಬೇಕರಿ ಕೆಲಸಗಾರರ ಮಗಳು ಸೈಯದಾ ಸಾಲ್ವಾ ಫಾತಿಮಾ ಸರ್ಕಾರದ ನೆರವಿನಿಂದ ಪೈಲಟ್ ಆದರು. ಅಂಥ ನೆರವನ್ನು ಕೇಳುವ ಧೈರ್ಯ ಬರಬೇಕಾದರೂ ‘ಇದು ನನ್ನಿಂದ ಆಗುತ್ತದೆ’ ಎಂದು ಮೊದಲು ಎಲ್ಲಾದರೂ ಅನ್ನಿಸಬೇಕು. ಆ ಅನಿಸಿಕೆ ಕಡಿಮೆ ಖರ್ಚಿನಲ್ಲಿ ಸಿಗುವ ಜಾಗ ಸಿಮ್ಯುಲೇಟರ್. 1990ರ ದಶಕದಿಂದ ಸ್ವಯಂಸೇವಕರು ಬೆಳೆಸಿದ ‘ಫ್ಲೈಟ್‌ಗಿಯರ್’ ತಂತ್ರಾಂಶ ಪೂರ್ತಿ ಉಚಿತ. ಅದನ್ನು ಯಾರು ಬೇಕಾದರೂ ತಿದ್ದಿ ತಮ್ಮ ಭಾಷೆಗೆ ಹೊಂದಿಸಿಕೊಳ್ಳಬಹುದು. 2024ರ ಜನವರಿ 19ರಂದು ದೇವನಹಳ್ಳಿಯ ಬೋಯಿಂಗ್ ಕೇಂದ್ರದಲ್ಲಿ ಪ್ರಧಾನಿ ಚಾಲನೆ ಕೊಟ್ಟ ‘ಸುಕನ್ಯಾ’ ಕಾರ್ಯಕ್ರಮ ಹುಡುಗಿಯರಿಗಾಗಿ 150 ಕಡೆ ವಿಜ್ಞಾನ ಪ್ರಯೋಗಾಲಯ, ಪೈಲಟ್ ಆಗಬಯಸುವ ಮಹಿಳೆಯರಿಗೆ ವಿದ್ಯಾರ್ಥಿವೇತನ ಮತ್ತು ಸಿಮ್ಯುಲೇಟರ್ ತರಬೇತಿಗೆ ನೆರವು ಎಂದು ಹೇಳಿದೆ. ಅಂಥ ಪ್ರಯೋಗಾಲಯಗಳಲ್ಲಿ ಒಂದು ಗಡಿಯ ಈಚೆಗೂ ಬರಲಿ ಎಂದು ಕೇಳುವುದು ಭಿಕ್ಷೆಯಲ್ಲ.

ಆದ್ದರಿಂದ ಮನವಿ ಮೂವರಲ್ಲಿ. ಆಟ ಕಟ್ಟುವ ಬೆಂಗಳೂರು, ಹೈದರಾಬಾದಿನ ಎಂಜಿನಿಯರುಗಳು ಒಂದು ಕನ್ನಡ ಪಾಠವನ್ನಾದರೂ ಕಟ್ಟಿ ಫ್ಲೈಟ್‌ಗಿಯರಿಗೆ ಸೇರಿಸಲಿ. ಮರಿಕಲ್, ಮಕ್ತಲ್, ನಾರಾಯಣಪೇಟೆ, ಗದ್ವಾಲ್‌ಗಳ ಹೈಸ್ಕೂಲುಗಳ ಮುಖ್ಯೋಪಾಧ್ಯಾಯರು ಇರುವ ಕಂಪ್ಯೂಟರುಗಳಲ್ಲಿ ಒಂದಕ್ಕೆ ಜಾಯ್‌ಸ್ಟಿಕ್ ಜೋಡಿಸಿ, ವಾರಕ್ಕೆ ಒಂದು ಪೀರಿಯಡ್ ಹುಡುಗಿಯರ ಹೆಸರಿಗೇ ಬರೆದಿಡಲಿ; ಸರದಿ ಬಂದಾಗ ಹುಡುಗರು ಪಕ್ಕದ ಸೀಟಿನಲ್ಲಿ ಕೂತು ಸಹಪೈಲಟ್ ಆಗುವುದನ್ನು ಕಲಿಯಲಿ. ತಂದೆ ತಾಯಂದಿರು ಮಗಳು ಪರದೆಯ ಮುಂದೆ ಕೂತ ಆ ಅರ್ಧ ತಾಸು ಆಕೆಯನ್ನು ನೀರಿಗೋ ಪಾತ್ರೆಗೋ ಕರೆಯದಿರಲಿ.