ಖಾಲಿ ಪೆಟ್ಟಿಗೆಗೂ ಒಂದು ಮಾತು

ಟಾಲ್‌ಸ್ಟಾಯ್ ಬರೆದ ‘ಯುದ್ಧ ಮತ್ತು ಶಾಂತಿ’ಯ ಇಂಗ್ಲಿಷ್ ಅನುವಾದದಲ್ಲಿ ಹೆಚ್ಚುಕಡಿಮೆ ಐದೂಮುಕ್ಕಾಲು ಲಕ್ಷ ಪದಗಳಿವೆ. ತಲೆದಿಂಬಿಗೆ ಆದೀತು ಎಂದು ಅದನ್ನು ಓದದವರೂ ತಮಾಷೆ ಮಾಡುತ್ತಾರೆ. 2015ರ ಅಕ್ಟೋಬರ್ 29ರಂದು ಅಮೆರಿಕದಲ್ಲಿ ಬಿಡುಗಡೆಯಾದ ಒಂದು ಜಪಾನೀ ವಿಡಿಯೊ ಗೇಮಿನ ಇಂಗ್ಲಿಷ್ ಪಠ್ಯ ಏಳು ಲಕ್ಷ ಪದ ದಾಟುತ್ತದೆ. ಹೆಸರು ‘ಟ್ರೇಲ್ಸ್ ಇನ್ ದ ಸ್ಕೈ’, ಅದರ ಎರಡನೆಯ ಭಾಗ. ದಿನಕ್ಕೆ ಎರಡು ಸಾವಿರ ಪದದಂತೆ, ಭಾನುವಾರ, ಹಬ್ಬ, ಜ್ವರ ಯಾವುದನ್ನೂ ಲೆಕ್ಕಿಸದೆ ಒಬ್ಬರೇ ಕೂತು ಅನುವಾದಿಸಿದರೂ 350 ದಿನ ಬೇಕು. ಗಟ್ಟಿಯಾಗಿ ಓದುವುದಾದರೆ, ನಿಮಿಷಕ್ಕೆ 150 ಪದದ ವೇಗದಲ್ಲಿ, ಹತ್ತಿರ ಹತ್ತಿರ 78 ಗಂಟೆ. ಮೂರು ಹಗಲು, ಮೂರು ರಾತ್ರಿ ಕಳೆದ ಮೇಲೂ ಆರು ಗಂಟೆ ಬಾಕಿ ಉಳಿಯುತ್ತದೆ.

ಇಷ್ಟನ್ನೂ ತಲೆಯ ಮೇಲೆ ಹೊತ್ತುಕೊಂಡದ್ದು ಎಕ್ಸ್‌ಸೀಡ್ ಗೇಮ್ಸ್. ಆಟದ ಕಂಪನಿ ಸ್ಕ್ವೇರ್ ಎನಿಕ್ಸ್‌ನ ಅಮೆರಿಕ ಕಚೇರಿಯಿಂದ ಹೊರಬಂದವರು 2004ರಲ್ಲಿ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಕಟ್ಟಿದ ಸಣ್ಣ ಸಂಸ್ಥೆ ಅದು. ದೊಡ್ಡ ಕಂಪನಿಗಳು ಲಾಭವಿಲ್ಲವೆಂದು ಬದಿಗಿಟ್ಟ ಜಪಾನಿನ ಆಟಗಳನ್ನು ಇಂಗ್ಲಿಷಿಗೆ ತಂದು ಮಾರುವುದೇ ಅದರ ಕಸುಬು.

ಏಳು ಲಕ್ಷ ಪದ ಬೇಕಾಗುವಷ್ಟು ಕಥೆ ಎಲ್ಲಿದೆ ಎಂದು ಕೇಳಿದರೆ ಉತ್ತರ ವಿಚಿತ್ರವಾಗಿದೆ: ಅದರಲ್ಲಿ ದೊಡ್ಡ ಪಾಲು ಕಥೆಯಲ್ಲೇ ಇಲ್ಲ. ಆಟ ತಯಾರಿಸಿದ ನಿಹೋನ್ ಫಾಲ್ಕಾಮ್ ಕಂಪನಿಗೆ ಒಂದು ಹಟವಿದೆ. ಊರಿನಲ್ಲಿ ಸುಮ್ಮನೆ ನಿಂತಿರುವವರಿಗೂ ಹೆಸರು, ಮನೆ, ತಾಪತ್ರಯ ಇರಬೇಕು. ಕಥೆ ಒಂದು ಹೆಜ್ಜೆ ಮುಂದೆ ಹೋದರೆ ಸಾಕು, ಅಂಗಡಿಯವನು, ಕಾವಲುಗಾರ, ಬಾಗಿಲಲ್ಲಿ ನಿಂತ ಅಜ್ಜಿ, ಎಲ್ಲರ ಮಾತೂ ಬದಲಾಗುತ್ತದೆ. ಬೆಳಿಗ್ಗೆ ಸಾಮಾನು ಬಂದಿಲ್ಲವೆಂದು ಗೊಣಗುತ್ತಿದ್ದವನು ಸಂಜೆ ಇನ್ನೇನೋ ಹೇಳುತ್ತಾನೆ. ಆಡುವವರಲ್ಲಿ ಎಷ್ಟೋ ಮಂದಿ ಅವನತ್ತ ತಿರುಗಿಯೂ ನೋಡದೆ ಮುಂದೆ ನಡೆದುಬಿಡುತ್ತಾರೆ. ಅನುವಾದಕನಿಗೆ ಆ ಸೌಲಭ್ಯವಿಲ್ಲ. ಅವನು ಎಲ್ಲರ ಮಾತನ್ನೂ ಕೇಳಿಸಿಕೊಳ್ಳಲೇಬೇಕು. ಅದನ್ನು ಅಗಲ 480, ಎತ್ತರ 272 ಚುಕ್ಕಿಗಳಷ್ಟೇ ಇರುವ, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರದ ಪರದೆಯ ಮೇಲಿನ ಪುಟ್ಟ ಚೌಕದಲ್ಲಿ, ಪಾಲಿಗೆ ಬಂದ ಸಾಲುಗಳಲ್ಲೇ ಕೂರಿಸಬೇಕು. ಆಮೇಲೆ ತಪ್ಪು ಹುಡುಕುವವರು ಆಟವನ್ನು ಮೊದಲಿನಿಂದ ಆಡಿ, ಪ್ರತಿ ಹಂತದಲ್ಲೂ ಪ್ರತಿಯೊಬ್ಬರನ್ನೂ ಮಾತನಾಡಿಸಿಕೊಂಡು ಬರಬೇಕು.

ಇದೂ ಸಾಲದೆಂಬಂತೆ ಪೆಟ್ಟಿಗೆಗಳ ಕಥೆ ಕೇಳಿ. ಇಂಥ ಆಟಗಳ ದಾರಿಯುದ್ದಕ್ಕೂ ನಿಧಿಯ ಪೆಟ್ಟಿಗೆಗಳಿರುತ್ತವೆ. ತೆರೆದ ಪೆಟ್ಟಿಗೆಯನ್ನು ಮತ್ತೆ ಮುಟ್ಟಿದರೆ ಖಾಲಿ ಎಂದು ಹೇಳುತ್ತದೆ, ಅಷ್ಟೇ. ಮೊದಲ ಭಾಗದ ಕಡತಗಳಲ್ಲಿ ಪ್ರತಿ ಪೆಟ್ಟಿಗೆಗೂ ಆ ಒಂದೇ ವಾಕ್ಯ ಬೇರೆ ಬೇರೆಯಾಗಿ ದಾಖಲಾಗಿತ್ತು. ಜಾಣರಾದವರು ಒಂದು ಸಲ ಅನುವಾದಿಸಿ ಉಳಿದ ಕಡೆಯೆಲ್ಲ ಅದನ್ನೇ ಅಂಟಿಸುತ್ತಿದ್ದರು. ಎಕ್ಸ್‌ಸೀಡ್‌ನ ಸಂಪಾದಕಿ ಜೆಸಿಕಾ ಚಾವೆಜ್ ಪೆಟ್ಟಿಗೆಗೊಂದರಂತೆ ಹೊಸ ಹೊಸ ತಮಾಷೆ ಬರೆಯುತ್ತಾ ಹೋದರು. ಖಾಲಿಯೆಂದು ಗೊತ್ತಿದ್ದೂ ಪೆಟ್ಟಿಗೆ ಮುಟ್ಟುವ ಹುಚ್ಚರಿಗಷ್ಟೇ ಸಿಗುವ ಬಹುಮಾನ ಅದು. ಮುಳುಗುವಷ್ಟು ಕೆಲಸವಿರುವಾಗ ಯಾರೂ ಕೇಳದ ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವುದು ವ್ಯಾಪಾರದ ಬುದ್ಧಿಯಲ್ಲ. ಆದರೆ ಆಟಗಾರರು ಇವತ್ತಿಗೂ ನೆನೆಯುವುದು ಆ ಪೆಟ್ಟಿಗೆಗಳನ್ನೇ.

ಈ ಲೋಕದಲ್ಲಿ ಲಾಭದ ಅಳತೆ ಎಷ್ಟು ಚಿಕ್ಕದು ಎನ್ನುವುದಕ್ಕೆ ಇನ್ನೊಂದು ಆಟವಿದೆ. ‘ರೆಸೆಟಿಯರ್’ನಲ್ಲಿ ಅಪ್ಪ ಮಾಡಿಟ್ಟ ಸಾಲ ತೀರಿಸಲು ಒಬ್ಬ ಹುಡುಗಿ ಅಂಗಡಿ ತೆರೆಯುತ್ತಾಳೆ. ಆಟದ ನಾಣ್ಯದಲ್ಲಿ ವಾರದ ಕಂತು ಮೊದಲು 10,000, ಆಮೇಲೆ 30,000, 80,000, 2 ಲಕ್ಷ, ಕೊನೆಗೆ 5 ಲಕ್ಷ. ಒಟ್ಟು 8 ಲಕ್ಷ 20 ಸಾವಿರ. ಕಂತು ತಪ್ಪಿದರೆ ಅಂಗಡಿಯೂ ಹೋಯಿತು, ಮನೆಯೂ ಹೋಯಿತು. 2010ರಲ್ಲಿ ಇದನ್ನು ಇಂಗ್ಲಿಷಿಗೆ ತಂದದ್ದು ಕಾರ್ಪೆ ಫುಲ್ಗರ್, ಇಬ್ಬರೇ ಇದ್ದ ಸಂಸ್ಥೆ. ಅವರ ನಿರೀಕ್ಷೆಯೂ ಆಟದ ಮೊದಲ ಕಂತಿನಷ್ಟೇ: ಆರು ತಿಂಗಳಲ್ಲಿ 10,000 ಪ್ರತಿ. ನಾಲ್ಕೇ ತಿಂಗಳಲ್ಲಿ 26,000 ದಾಟಿತು. 2011 ಮುಗಿಯುವುದರೊಳಗೆ ಒಂದು ಲಕ್ಷ, 2013ಕ್ಕೆ ಮೂರು ಲಕ್ಷ. ದೊಡ್ಡ ಕಂಪನಿಯ ಸಭೆಯಲ್ಲಿ ಸೋಲು ಎಂದು ಬರೆದುಕೊಳ್ಳುವ ಅಂಕಿ ಇಬ್ಬರ ಸಂಸ್ಥೆಗೆ ಹಬ್ಬದೂಟ.

ಆ ಕಾರ್ಪೆ ಫುಲ್ಗರ್‌ನ ಹೆಗಲಿಗೇ ಎಕ್ಸ್‌ಸೀಡ್‌ನಿಂದ ‘ಟ್ರೇಲ್ಸ್’ ಎರಡನೆಯ ಭಾಗದ ಅನುವಾದ ಬಂತು. ಮೊದಲ ಭಾಗ ಅಮೆರಿಕಕ್ಕೆ ಬಂದದ್ದು 2011ರ ಮಾರ್ಚ್ 29ಕ್ಕೆ. ಅದು ಮುಗಿಯುವುದೇ ಕಥೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಜಾಗದಲ್ಲಿ. ಮುಂದೇನು ಎಂದು ತಿಳಿಯಲು ಆಡಿದವರು ಕಾದದ್ದು ನಾಲ್ಕು ವರ್ಷ ಏಳು ತಿಂಗಳು. ಜಪಾನಿನಲ್ಲಿ ಈ ಭಾಗಕ್ಕೆ ಪಿಎಸ್‌ಪಿಯ ಒಂದು ಡಿಸ್ಕ್ ಸಾಲದೆ ಎರಡು ಬೇಕಾಗಿದ್ದವು. ಇಂಗ್ಲಿಷ್ ಸಿದ್ಧವಾಗುವ ಹೊತ್ತಿಗೆ ಅಮೆರಿಕದ ಅಂಗಡಿಗಳಿಗೆ ಪಿಎಸ್‌ಪಿ ಯಂತ್ರ ಕಳಿಸುವುದನ್ನೇ ಸೋನಿ ನಿಲ್ಲಿಸಿಯಾಗಿತ್ತು. ಆಟ ಡಿಸ್ಕ್ ಇಲ್ಲದೆ ಡೌನ್‌ಲೋಡ್ ಆಗಿ ಬಂತು, ಜೊತೆಗೆ ಕಂಪ್ಯೂಟರಿಗೂ ಬಂತು. ಕಂಪ್ಯೂಟರ್ ಆವೃತ್ತಿ ಇಲ್ಲದಿದ್ದರೆ ಏಳು ಲಕ್ಷ ಪದ ಓದಲು ಮಂದಿ ಹಳೆಯ ಯಂತ್ರ ಹುಡುಕಿಕೊಂಡು ಅಲೆಯಬೇಕಿತ್ತು.

ಇಲ್ಲಿನ ಗಣಿತ ಕ್ರೂರವಾದದ್ದು. ಗಿರಾಕಿ ಪದ ಎಣಿಸಿ ದುಡ್ಡು ಕೊಡುವುದಿಲ್ಲ. ಐವತ್ತು ಸಾವಿರ ಪದದ ಆಟಕ್ಕೂ ಏಳು ಲಕ್ಷದ್ದಕ್ಕೂ ಅಂಗಡಿಯಲ್ಲಿ ಬೆಲೆ ಹೆಚ್ಚುಕಡಿಮೆ ಒಂದೇ. ಬರೆಯುವ, ತಿದ್ದುವ, ಆಡಿ ನೋಡುವ ಖರ್ಚು ಮಾತ್ರ ಪದದ ಜೊತೆ ಬೆಳೆಯುತ್ತಾ ಹೋಗುತ್ತದೆ.

ಮೂರನೆಯ ಭಾಗ ಜಪಾನಿನಲ್ಲಿ 2007ರಲ್ಲಿ ಬಂದಿತ್ತು. ಎಕ್ಸ್‌ಸೀಡ್ ಅದನ್ನು ಇಂಗ್ಲಿಷಿನಲ್ಲಿ ಹೊರತಂದದ್ದು 2017ರ ಮೇ ತಿಂಗಳಲ್ಲಿ. ಅದರ ಮುಂದಿನ ಕಥೆಯ 2010ರ ಆಟಕ್ಕೆ ಇಂಗ್ಲಿಷ್ ಸಿಕ್ಕಿದ್ದು 2022ರಲ್ಲಿ, ಬೇರೆ ಪ್ರಕಾಶಕರಿಂದ. ಅವರು ಬಳಸಿಕೊಂಡದ್ದು ಕಾದು ಸಾಕಾದ ಅಭಿಮಾನಿಗಳೇ ಕೂತು ಮಾಡಿಟ್ಟಿದ್ದ ಅನುವಾದವನ್ನು.